ಫ್ರಿಜ್ಜಿನ ಬಾಗಿಲಿಗೆ ಲಕ್ಷ್ಮಿ

ರಾಣೆಬೆನ್ನೂರಿನ ಬೇಕರಿ ಸಾವ್ಕಾರ ಗುರುಪಾದಪ್ಪನವರು ಕರೆಂಟ್ ಬಿಲ್ ಹಿಡಿದು ಮೂವರು ಕೆಲಸದವರ ಮೇಲೆ ಕೂಗಾಡಿದರು.

"ಈ ಅಂಗಡ್ಯಾಗ ಕರೆಂಟ್ ತಿನ್ನೋ ಕಳ್ಳ ಅದಾನ. ಮುಂದಿನ ತಿಂಗಳು ಬಿಲ್ ಇಳೀಲಿಲ್ಲಂದ್ರ ಮೂರೂ ಮಂದೀನ ಮನೀಗೆ ಕಳಸ್ತೀನಿ!"

ಕೆಲಸದ ನೀಲವ್ವನಿಗೆ ಕಳ್ಳ ಯಾರೆಂದು ಗೊತ್ತಿತ್ತು. ಭಟ್ಟಿಯ ಝಳ ತಡೆಯಲಾರದೆ ಸಾವ್ಕಾರರೇ ಗಳಿಗೆಗೊಮ್ಮೆ ದೊಡ್ಡ ಫ್ರಿಜ್ಜಿನ ಬಾಗಿಲು ತೆಗೆದು, ಅಂಗಿಯ ಗುಂಡಿ ಬಿಚ್ಚಿ, ತಂಪಿಗೆ ಎದೆಯೊಡ್ಡಿ ನಿಲ್ಲುತ್ತಿದ್ದರು. ಅದನ್ನು ಅವರ ಮುಖಕ್ಕೆ ಹೇಳುವವರು ಯಾರು?

ಮರುದಿನ ಅವಳು ಗೋಡೆಯ ಮೇಲಿದ್ದ ಲಕ್ಷ್ಮಿಯ ಫೋಟೋ ಇಳಿಸಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಹೂವು ಏರಿಸಿದಳು.

"ಇಲ್ಲಿದ್ರ ಗಿರಾಕಿಗಳಿಗೂ ಕಾಣ್ತಾಳ್ರೀ."

ಸಾವ್ಕಾರರು ಮೆಚ್ಚಿ ತಲೆಯಾಡಿಸಿದರು.

ಆದರೆ ಚಪ್ಪಲಿ, ಬೂಟು ಮೆಟ್ಟಿಕೊಂಡು ಲಕ್ಷ್ಮಿ ಇರುವ ಬಾಗಿಲನ್ನು ಮುಟ್ಟುವುದು ಹೇಗೆ? ಕೆಲಸದವರು ಚಪ್ಪಲಿ ಕಳಚಿ, ಬೇಕಾದ ಕೇಕ್ ತೆಗೆದು, ತಕ್ಷಣ ಬಾಗಿಲು ಮುಚ್ಚುತ್ತಿದ್ದರು. ಸಾವ್ಕಾರರದು ಲೇಸಿನ ಬೂಟು, ಬಗ್ಗಲು ಬಿಡದ ಹೊಟ್ಟೆ. ಮೊದಲ ದಿನ ನಾಲ್ಕು ಸಲ ಬಗ್ಗಿದರು. ಎರಡನೆಯ ದಿನ ಒಂದೇ ಸಲ. ಮೂರನೆಯ ದಿನ ಹಳೇ ಪೇಪರಿನಿಂದ ಗಾಳಿ ಬೀಸಿಕೊಳ್ಳುತ್ತ ಗಲ್ಲಾದ ಮುಂದೆಯೇ ಕೂತರು.

ತಿಂಗಳು ಕಳೆದು ಬಿಲ್ ಬಂತು. ಚೆನ್ನಾಗಿಯೇ ಇಳಿದಿತ್ತು.

"ಭೇಷ್ ನೀಲವ್ವಾ! ನೀ ಲಕ್ಷ್ಮೀನ ಅಲ್ಲಿಟ್ಟ ಮ್ಯಾಲ ಬಿಲ್ ಇಳೀತು ನೋಡು. ಕಳ್ಳ ಯಾರು, ಹೇಳು."

"ಹೆಸರು ನಾ ಹ್ಯಾಂಗ ಹೇಳಲಿರೀ? ಬೂಟು ಹಾಕ್ಕೊಳ್ಳೋ ಮನಷ್ಯಾ ಅನ್ನೂದಷ್ಟ ಗೊತ್ತಾತ್ರೀ."

ಸಾವ್ಕಾರರು ಕೆಲಸದವರ ಕಾಲು ನೋಡಿದರು. ಮೂರು ಜೊತೆ ರಬ್ಬರ್ ಚಪ್ಪಲಿ. ಆಮೇಲೆ ತಮ್ಮ ಎರಡೂ ಕಾಲನ್ನು ಮೆಲ್ಲಗೆ ಕುರ್ಚಿಯ ಕೆಳಗೆ ಎಳೆದುಕೊಂಡರು.