ಇಂದು ಸಂಜೆ ಎನ್ನುವ ಪುಟ

"ಗುರುಗಳೇ, ನನ್ನ ಹಂಬಲದಲ್ಲಿ ಏನು ಕೊರತೆ?" ಎಂದು ನಿರ್ವಾಣಪ್ಪ ಕೇಳಿದ.

ಅವನು ಮಠಕ್ಕೆ ನಡೆದುಕೊಳ್ಳುವ ಗೃಹಸ್ಥ. ಪೂಜೆ ತಪ್ಪಿಸಿದವನಲ್ಲ. ಮುಂದೆ ಹೇಳು ಎಂಬಂತೆ ಗುರುಗಳು ಅವನನ್ನು ನೋಡಿದರು.

"ದೀಕ್ಷೆಯಾದ ದಿನ ಬೆಳಗ್ಗೆ ಕಣ್ಣು ಮುಚ್ಚಿ ಕುಳಿತಿದ್ದೆ. ಆ ದೇವನೇ ನನ್ನ ಎದುರಿಗೆ ಬಂದು ನಿಂತಂತಾಯಿತು. ಮೈಯೆಲ್ಲ ಹಗುರವಾಯಿತು. ಅಂದಿನಿಂದ ಆ ಬೆಳಗನ್ನೇ ನೆನೆದು ಕೂರುತ್ತೇನೆ. ಅದೇ ಮೂಲೆ, ಅದೇ ಮಣೆ, ಅದೇ ಹೊತ್ತು. ತಲೆ ನರೆಯುತ್ತ ಬಂತು. ಅವನು ಮತ್ತೆ ಬರಲಿಲ್ಲ."

ಗುರುಗಳು ಒಂದು ಕಥೆ ಹೇಳತೊಡಗಿದರು.

ಒಬ್ಬ ಹಗ್ಗ ಹೊಸೆಯುವವನಿದ್ದ. ಅವನಿಗೊಬ್ಬ ತಮ್ಮ. ತಾಯಿ ತೀರಿಕೊಂಡಾಗ ತಮ್ಮ ಇನ್ನೂ ತೊಟ್ಟಿಲ ಕೂಸು. ಅಣ್ಣನೇ ಹೆಗಲ ಮೇಲೆ ಹೊತ್ತು ಬೆಳೆಸಿದ. ಆದರೆ ತಮ್ಮನ ಕೈಗೆ ನಾರು ಹತ್ತಲಿಲ್ಲ, ಕೊರಳಿಗೆ ಹಾಡು ಹತ್ತಿತು. ಒಂದು ದಿನ ಅಣ್ಣ ಸಿಟ್ಟಿನಲ್ಲಿ, "ನಿನ್ನ ಹಾಡಿನಿಂದ ಒಂದು ಕರುವನ್ನಾದರೂ ಕಟ್ಟೋಕೆ ಆಗುತ್ತಾ?" ಎಂದುಬಿಟ್ಟ. ತಮ್ಮ ಎದುರಾಡಲಿಲ್ಲ. ಏಕತಾರಿಯನ್ನು ಹೆಗಲಿಗೇರಿಸಿ ಹೊರಟುಹೋದ. ತತ್ವಪದ ಹಾಡುವ ಮೇಳವೊಂದನ್ನು ಸೇರಿದನೆಂದು ಸುದ್ದಿ ಬಂತು. ಅದು ಊರೂರು ಸುತ್ತುವ ಮೇಳ. ಇವತ್ತು ಇಲ್ಲಿ, ನಾಳೆ ಎಲ್ಲೋ.

ವರ್ಷಗಳು ಕಳೆದವು. ಅಣ್ಣನ ಸಿಟ್ಟು ಇಳಿಯಿತು. ಅದು ಇದ್ದ ಜಾಗದಲ್ಲಿ ಹಂಬಲ ಬೆಳೆಯಿತು. ಕಣ್ಣು ಮುಚ್ಚುವುದರೊಳಗೆ ಒಮ್ಮೆ ತಮ್ಮನನ್ನು ಎದುರಿಗೆ ಕೂರಿಸಿಕೊಂಡು, "ಹಾಡಪ್ಪ, ಕೇಳ್ತೀನಿ" ಎನ್ನಬೇಕು. ಬೇರೆ ಯಾವ ಆಸೆಯೂ ಅವನಿಗೆ ಉಳಿಯಲಿಲ್ಲ.

ಮೇಳದವರು ಇಂಟರ್ನೆಟ್ಟಿನಲ್ಲಿ ತಮ್ಮದೊಂದು ಪುಟ ಇಟ್ಟಿದ್ದರು. ಎಲ್ಲಿ ಹಾಡುತ್ತೇವೆಂದು ಅದರಲ್ಲಿ ಹಾಕುತ್ತಿದ್ದರು. ಮೊಬೈಲ್ ಅಂಗಡಿಯವನು ಅದನ್ನು ಹುಡುಕಿ ಅಣ್ಣನ ಫೋನಿನಲ್ಲಿ ತೆರೆದುಕೊಟ್ಟ. ತಮ್ಮನ ಮುಖ ಕಂಡಿತು. ಗಡ್ಡ ಬೆಳೆದಿತ್ತು. ಕಣ್ಣು ಮಾತ್ರ ಅವೇ. ಕೆಳಗೆ ಒಂದೇ ಸಾಲು: "ಇಂದು ಸಂಜೆ, ಹಿರೇಹೊಂಡದ ಕಲ್ಲುಮಂಟಪದಲ್ಲಿ."

"ಹಂಗೇ ಇರ್ಲಿ ಬಿಡು ಯಜಮಾನ, ಮುಚ್ಚಬ್ಯಾಡ. ಮುಚ್ಚಿದ್ರೆ ಮತ್ತೆ ತೆಗೆಯೋಕೆ ನಿಂಗೆ ಬರಲ್ಲ" ಎಂದ ಅಂಗಡಿಯವನು.

ಅಣ್ಣ ಆ ಮಾತನ್ನು ಮಂತ್ರದಂತೆ ಹಿಡಿದ. ಹೆಂಡತಿ ಮಗಳ ಬಾಣಂತನಕ್ಕೆ ಹೋಗಿದ್ದಳು. ಮನೆಗೆ ಬೀಗ ಹಾಕಿ, ಒಂದು ಹೊರೆ ನಾರು ಹೊತ್ತು, ಸಿಕ್ಕ ಬಸ್ಸು ಹತ್ತಿದ. ಹಿರೇಹೊಂಡ ಮುಟ್ಟುವಾಗ ಹಾಡು ಮುಗಿದು ಜನ ಚಾಪೆ ಮಡಚುತ್ತಿದ್ದರು. ಮೇಳ ಹೊರಟುಹೋಗಿತ್ತು.

ಅಣ್ಣ ಮಂಟಪದಲ್ಲೇ ಮಲಗಿದ. ಬೆಳಗ್ಗೆ ಎದ್ದು ಫೋನು ನೋಡಿದ. ತಮ್ಮನ ಮುಖ, ಕೆಳಗೆ ಅದೇ ಸಾಲು: ಇಂದು ಸಂಜೆ. ಹಾಗಾದರೆ ಮತ್ತೆ ಬರುತ್ತಾರೆ ಎಂದುಕೊಂಡ. ಮಂಟಪ ಗುಡಿಸಿದ. ನಾರು ಹೊಸೆಯುತ್ತ ಕುಳಿತ. ಹೊತ್ತು ಮುಳುಗಿತು, ಯಾರೂ ಬರಲಿಲ್ಲ. ಮರುದಿನ ನೋಡಿದ. ಆಗಲೂ ಇಂದು ಸಂಜೆ.

ಫೋನಿಗೆ ಒಂದು ಗುಣವಿದೆ, ನಿರ್ವಾಣಪ್ಪ. ಒಮ್ಮೆ ತಂದ ಪುಟವನ್ನು ತನ್ನೊಳಗೆ ಎತ್ತಿಟ್ಟುಕೊಳ್ಳುತ್ತದೆ. ಮತ್ತೆ ನೋಡಿದರೆ ಅದನ್ನೇ ತೆಗೆದು ತೋರಿಸುತ್ತದೆ. ಹೊಸದನ್ನು ತಾ ಎಂದು ನಾವೇ ಕೇಳಬೇಕು. ಕೇಳದಿದ್ದರೆ ತಂಗಳನ್ನೇ ಬಡಿಸುತ್ತದೆ. ಅಲ್ಲಿ ಮೇಳದವರು ಪುಟವನ್ನು ದಿನವೂ ಬದಲಿಸುತ್ತಿದ್ದರು. ಇಲ್ಲಿ ಅಣ್ಣನ ಅಂಗೈಯಲ್ಲಿ ಒಂದೇ ಸಂಜೆ ನಿಂತುಬಿಟ್ಟಿತ್ತು.

ಅವನು ಬೆಳಗ್ಗೆ ಎದ್ದರೆ ಮೊದಲು ಆ ಪುಟಕ್ಕೆ ಕೈಮುಗಿಯುತ್ತಿದ್ದ. ಹೋಟೆಲಿನಲ್ಲಿ ಫೋನನ್ನು ಚಾರ್ಜಿಗೆ ಹಾಕಿ, ಯಾರೂ ಮುಟ್ಟದಂತೆ ಪಕ್ಕದಲ್ಲೇ ನಿಲ್ಲುತ್ತಿದ್ದ. ಮೇಳ ಈಗ ಪಡುವಣ ಸೀಮೆಯಲ್ಲಿ ಹಾಡುತ್ತಿದೆಯೆಂದು ಬಸ್ಸಿನ ಕಂಡಕ್ಟರ್ ಹೇಳಿದ. "ಬರೆದದ್ದು ಸುಳ್ಳು, ನಿನ್ನ ಬಾಯಿಮಾತು ನಿಜವೋ?" ಎಂದು ಅಣ್ಣ ಅವನ ಮೇಲೆ ರೇಗಿದ.

ಮಂಟಪದ ಬಳಿ ಹೂ ಕಟ್ಟಿ ಮಾರುವ ಹೆಂಗಸೊಬ್ಬಳಿದ್ದಳು. ಕೆಲವು ದಿನ ಸುಮ್ಮನೆ ನೋಡಿದಳು. ಆಮೇಲೆ ತಡೆಯಲಾರದೆ ಕೇಳಿದಳು.

"ಏನಣ್ಣಾ, ನಮ್ಮೂರ ದನಕ್ಕೆಲ್ಲ ಹಗ್ಗ ಆಯ್ತು. ಇನ್ನು ಮಂಟಪದ ಕಂಬಾನೂ ಕಟ್ಟಿಹಾಕ್ತೀಯಾ?"

"ನನ್ನ ತಮ್ಮ ಬರ್ತಾನೆ ತಾಯಿ. ಇಲ್ಲಿ ನೋಡು, ಇವತ್ತೇ ಅಂತ ಹಾಕಿದಾರೆ."

"ನಿನ್ನೇನೂ ಇವತ್ತೇ ಅಂದಿದ್ದೆ. ಅದು ಹಳೇದು ಕಣಣ್ಣಾ. ಬೆರಳಲ್ಲಿ ಕೆಳಕ್ಕೆ ಎಳೆದ್ರೆ ಹೊಸದು ಬರುತ್ತೆ. ಇತ್ತ ಕೊಡು."

ಅಣ್ಣ ಫೋನನ್ನು ಎದೆಗೆ ಅವಚಿಕೊಂಡ. "ಬ್ಯಾಡ ತಾಯಿ, ಮುಟ್ಟಬ್ಯಾಡ. ಹೊಸದು ಬರದೇ ಹೋದ್ರೆ? ಇದೂ ಅಳಿಸಿಹೋದ್ರೆ? ಇಷ್ಟು ವರ್ಷದ ಮೇಲೆ ನಂಗೆ ಸಿಕ್ಕಿರೋದು ಇದೊಂದು ಮುಖ."

"ನಿನ್ನಿಷ್ಟ ಕಣಪ್ಪ" ಎಂದು ಅವಳು ಹೂವಿನ ಬುಟ್ಟಿಗೆ ತಿರುಗಿದಳು.

ಹೀಗೇ ಕಾಯುತ್ತ ಕುಳಿತಿರುವಾಗ ಒಂದು ದಿನ ಅಣ್ಣ ತಮ್ಮನ ದನಿಯನ್ನು ನೆನೆಯಲು ನೋಡಿದ. ಅವನು ಹುಡುಗನಾಗಿದ್ದಾಗ ಹಿತ್ತಿಲಿನಿಂದ ಕೇಳುತ್ತಿದ್ದ ದನಿ. ನಾರು ನೆನೆಸುವಾಗ ಬೇಡವೆಂದರೂ ಕಿವಿಗೆ ಬೀಳುತ್ತಿದ್ದ ದನಿ. ನೆನಪಾಗಲಿಲ್ಲ. ಪುಟವನ್ನು ನೋಡಿದ. ಅದರಲ್ಲಿ ಮುಖವಿತ್ತು, ದನಿ ಇರಲಿಲ್ಲ. ದಿನವೂ ಆ ಮುಖವನ್ನೇ ನೋಡಿ ನೋಡಿ, ಬೇರೆಲ್ಲ ಕೈಬಿಟ್ಟುಹೋಗಿತ್ತು. ಅವನಿಗೆ ಹೆದರಿಕೆಯಾಯಿತು. ಎದ್ದು ಹೋಗಿ ಫೋನನ್ನು ಹೂವಿನವಳ ಮುಂದೆ ಹಿಡಿದ.

"ಎಳೆದುಬಿಡು ತಾಯಿ" ಎಂದು ಕಣ್ಣು ಮುಚ್ಚಿಕೊಂಡ.

ಅವಳು ಸೆರಗಿಗೆ ಕೈಯೊರೆಸಿಕೊಂಡು ಬೆರಳಿನಿಂದ ಎಳೆದಳು. ಪುಟ ಬೆಳ್ಳಗಾಯಿತು. ಆಮೇಲೆ ನಿಧಾನವಾಗಿ ಬೇರೊಂದು ಚಿತ್ರ ಮೂಡಿತು.

"ಕಣ್ಣು ಬಿಡಣ್ಣಾ, ಬಂದಿದೆ. ಯಾವುದೋ ಮನೆ ಜಗಲಿ ಮೇಲೆ ಕೂತಿದಾನೆ ನೋಡು."

ಅಣ್ಣ ಕಣ್ಣು ಬಿಟ್ಟ. ತಮ್ಮ ಜಗಲಿಯ ಮೇಲೆ ಕುಳಿತು, ಬಾಯಿ ತೆರೆದು, ತಲೆಯೆತ್ತಿ ಹಾಡುತ್ತಿದ್ದ. ಹಿಂದೆ ಮುಚ್ಚಿದ ಬಾಗಿಲು. ಬಾಗಿಲ ಪಕ್ಕದ ಗೂಟದಲ್ಲಿ ನಾರಿನ ಕಂತೆ. ಆ ಗೂಟವನ್ನು ಹೊಡೆದವನು ಅಣ್ಣನೇ. ಬಾಗಿಲಿಗಿದ್ದ ಬೀಗವೂ ಅವನು ಹಾಕಿ ಬಂದದ್ದೇ. ಕೆಳಗೆ ಬರೆದಿತ್ತು: "ನಿನ್ನೆ, ನಮ್ಮ ಹಾಡುಗಾರನ ಅಣ್ಣನ ಮನೆಯ ಮುಂದೆ. ಅಣ್ಣ ಬಂದಾರೆಂದು ಹೊತ್ತು ಮುಳುಗುವವರೆಗೆ ಹಾಡಿದೆವು."

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ನಿರ್ವಾಣಪ್ಪ ಕಣ್ಣೊರೆಸಿಕೊಂಡ. "ಆಮೇಲೆ? ಅಣ್ಣ ಹಿಂದೆಯೇ ಹೋದನೇ? ತಮ್ಮ ಸಿಕ್ಕನೇ, ಗುರುಗಳೇ?"

"ಈ ಬೆಳಗ್ಗೆ ನಿನ್ನ ಬಾಗಿಲಿಗೆ ಯಾರು ಬಂದಿದ್ದರು, ನಿರ್ವಾಣಪ್ಪ?" ಎಂದರು ಗುರುಗಳು.

"ಗೊತ್ತಿಲ್ಲ ಗುರುಗಳೇ, ಕಣ್ಣು ಮುಚ್ಚಿ ಆ ಹಳೆಯ ಬೆಳಗನ್ನೇ ನೆನೆಯುತ್ತ ಕುಳಿತಿದ್ದೆ" ಎಂದ ನಿರ್ವಾಣಪ್ಪ.