ನೀರು ಹುಡುಕಿ ಹೊರಟ ಬೇರು

ಕಾಲುವೆಯ ಬಾಯಿಗೇ ಹೊಲವಿದ್ದ ರಾಯಗೊಂಡಪ್ಪನಿಗೆ ಒಂದೇ ನಂಬಿಕೆ: ನೀರಲ್ಲಿ ನಿಂತಷ್ಟೂ ಕಬ್ಬು ಬೆಳೆಯುತ್ತದೆ. ನೀರಿನ ಪಾಳಿ ಬಂದರೆ ಸಾಲುಗಳೆಲ್ಲ ತುಂಬಿ ತುಳುಕುವವರೆಗೂ ಆತ ಕಾಲುವೆಯಿಂದ ಹೊಲಕ್ಕೆ ನೀರು ಬರುವ ಮಡೆಯನ್ನು ಮಣ್ಣು ಹಾಕಿ ಕಟ್ಟುತ್ತಿರಲಿಲ್ಲ. ಅವನ ಹೊಲ ದಾಟಿದ ಮೇಲೆಯೇ ಕೆಳಗಿನ ಶಾವಂತ್ರೆವ್ವನ ಹೊಲಕ್ಕೆ ನೀರು. ಅಷ್ಟರಲ್ಲಿ ಕಾಲುವೆ ಬರಿದಾಗಿರುತ್ತಿತ್ತು.

ಒಂದು ಬೇಸಿಗೆಯಲ್ಲಿ ಅವಳ ಕಬ್ಬಿನ ಗರಿಗಳು ಸುರುಳಿ ಸುತ್ತಿಕೊಂಡವು. ಅವಳು ಬಂದು ಬದುವಿನ ಮೇಲೆ ನಿಂತಳು.

"ಅಣ್ಣಾ, ಒಂದು ಸಾಲು ಬಿಟ್ಟು ಒಂದು ಸಾಲಿಗೆ ನೀರು ಹಾಯಿಸ್ರಿ. ಬಿಟ್ಟ ಸಾಲಿಗೆ ಮುಂದಿನ ಪಾಳ್ಯಾಗ ಹಾಯಿಸ್ರಿ. ಇಬ್ಬರ ಬೆಳೀನೂ ಉಳೀತದ."

"ಒಣ ಸಾಲಿನ ಕಬ್ಬು ಏನು ಕುಡೀಬೇಕು, ತಂಗಿ?"

"ಬಾಜೂ ಸಾಲಿನ ನೀರು ನೆಲದೊಳಗ ಜಿನುಗಿ ಬರ್ತದ. ಬೇರು ಹುಡುಕ್ಕೊಂಡು ಹೋಗ್ತದ."

ಅವಳ ಮುಖ ನೋಡಿ ಇಲ್ಲವೆನ್ನಲು ಅವನಿಗೆ ಬಾಯಿ ಬರಲಿಲ್ಲ. ಒಪ್ಪಿದ. ಆದರೂ ಅಳುಕು ಹೋಗದೆ, ಮೂಡಣ ಮೂಲೆಯ ಸಾಲುಗಳನ್ನು ಮಾತ್ರ ಮೊದಲಿನಂತೆಯೇ ತುಂಬಿಸುತ್ತ ಬಂದ.

ಮುಂಗಾರಿನ ಬಿರುಗಾಳಿ ಒಂದು ಸಂಜೆ ಬೀಸಿ ಹೋಯಿತು. ಬೆಳಗ್ಗೆ ಅವನು ಹೊಲಕ್ಕೆ ಬಂದು ನೋಡಿದ. ಮೂಡಣ ಮೂಲೆಯ ಕಬ್ಬೆಲ್ಲ ನೆಲಕ್ಕೊರಗಿತ್ತು. ಉಳಿದ ಹೊಲ ಮಾತ್ರ ಅಲುಗದೆ ನಿಂತಿತ್ತು.

ಬಿದ್ದ ಕಬ್ಬಿನ ಬುಡ ಕೆದಕಿದ. ಬೇರು ಗೇಣುದ್ದವೂ ಇರಲಿಲ್ಲ, ಕಪ್ಪಾಗಿ ಕೊಳೆತಿತ್ತು. ನಿಂತ ಕಬ್ಬಿನ ಬದಿಗೆ ಸಲಿಕೆ ಹಾಕಿದ. ಅಗೆದಷ್ಟೂ ಬೆಳ್ಳನೆಯ ಬೇರು. ಗುಂಡಿ ಮೊಣಕಾಲಾಳವಾದರೂ ತುದಿ ಸಿಗಲಿಲ್ಲ. ತಾನು ದಿನವೂ ತುಳಿದಾಡಿದ ನೆಲದಡಿಯಲ್ಲಿ, ಕಣ್ಣಿಲ್ಲದ ಈ ಎಳೆಗಳು ಹನಿ ಹನಿಯ ಜಾಡು ಹಿಡಿದು ಇಷ್ಟು ಆಳಕ್ಕೆ ಇಳಿದಿದ್ದವು. ರಾಯಗೊಂಡಪ್ಪ ರುಮಾಲು ತೆಗೆದು ಪಕ್ಕಕ್ಕಿಟ್ಟು, ಗುಂಡಿಯ ಅಂಚಿಗೇ ಕುಳಿತುಬಿಟ್ಟ.

ಆಮೇಲೆ ಶಾವಂತ್ರೆವ್ವನನ್ನು ಕರೆದ. ಅವಳು ಬಗ್ಗಿ ನೋಡಿ, ಚಿಟಿಕೆ ಮಣ್ಣನ್ನು ಕಣ್ಣಿಗೊತ್ತಿಕೊಂಡಳು.

"ಹುಡುಕ್ತದ ಅಂತ ಕೇಳಿದ್ದೆ, ಅಣ್ಣಾ. ಇಷ್ಟು ದೂರ ಹೋಗ್ತದ ಅಂತ ನನಗೂ ಗೊತ್ತಿರಲಿಲ್ಲ."

ಇಬ್ಬರೂ ಸೇರಿ ಬೇರಿಗೆ ನೋವಾಗದಂತೆ ಮಣ್ಣು ಮುಚ್ಚಿದರು. ಮುಂದಿನ ಪಾಳಿಯಲ್ಲಿ ರಾಯಗೊಂಡಪ್ಪ ಹೊತ್ತಿಗೆ ಮುಂಚೆಯೇ ತನ್ನ ಮಡೆ ಕಟ್ಟಿದ. ಹರಿಯುವ ನೀರಿನ ಜೊತೆಜೊತೆಗೇ ನಡೆದು, ಅದು ಅವಳ ಹೊಲ ಮುಟ್ಟುವುದನ್ನು ಕಣ್ಣಾರೆ ನೋಡಿ ಮನೆಗೆ ಹೋದ.

ನೀತಿ: ಮಿತವಾಗಿ ಉಣಿಸಿದರೆ ಬೇರು ಆಳಕ್ಕಿಳಿಯುತ್ತದೆ. ಅತಿಯಾಗಿ ಸುರಿದರೆ ನಮ್ಮದೂ ಕೊಳೆಯುತ್ತದೆ, ನೆರೆಯವರದೂ ಒಣಗುತ್ತದೆ.