ಮೂರು ದಿನ ಬಂದ್ ಆಗದ ಸಿಂಥಸೈಜರ್

ಹೊಳೆಯ ದಂಡೆಗೆ ಒಂದು ತಗಡಿನ ಕೋಣೆ. ಒಳಗೆ ಒಂದು ಹಳೆಯ ಸಿಂಥಸೈಜರ್, ಕರೆಂಟಿನಿಂದ ಸ್ವರ ಹುಟ್ಟಿಸುವ ಯಂತ್ರ. ಅದರ ಮುಂದೆ ಅಡಿವೆಪ್ಪಜ್ಜ. ಆಶ್ರಮ ಅಂದರೆ ಅಷ್ಟೇ.

ಕಲಿಯಲು ಬಂದವರಿಗೆ ಅಡುಗೆ ಮಾಡಿ ಹಾಕುವವಳು ಕಲ್ಲವ್ವ.

ಬೇಸಿಗೆಯಲ್ಲಿ ಫಕೀರೇಶ ಬಂದ. ಮದುವೆಗಳಲ್ಲಿ ಕೀಬೋರ್ಡ್ ಬಾರಿಸುವವನು. ಹೆಗಲಿಗೆ ಲ್ಯಾಪ್‌ಟಾಪ್.

"ಏನು ಕಲೀಬೇಕಪಾ?" ಅಜ್ಜ ಕೇಳಿದರು.

"ಒಂದ ಧ್ವನಿ ಬೇಕ್ರಿ ಅಜ್ಜಾರ. ನನ್ನ ಹೆಂಡತಿ ಶಂಕ್ರವ್ವ ರವಿಕೆ ಹೊಲಿಯುವಾಗ ಗುನುಗ್ತಿದ್ಲು. ತೀರಿ ಹೋಗಿ ಎಂಟು ತಿಂಗಳಾತು."

"ಫೋನಿನ್ಯಾಗ ಇಲ್ಲೇನು?"

"ಫೋನ್ ಹಿಡಿದ್ರ ನಿಲ್ಲಿಸಿಬಿಡ್ತಿದ್ಲು. ಕತ್ತರಿ ತೋರಿಸ್ತಿದ್ಲು."

ಅಜ್ಜ ನಕ್ಕರು. ಫಕೀರೇಶನೂ ನಕ್ಕ.

ಫಕೀರೇಶ ಲ್ಯಾಪ್‌ಟಾಪ್ ತೆರೆದ. ಅದರಲ್ಲಿ ಸಾಫ್ಟ್‌ವೇರ್ ಸಿಂಥಸೈಜರ್. ಹನ್ನೊಂದು ಸಾವಿರ ಧ್ವನಿ. ಅಜ್ಜ ಕಣ್ಣು ಮುಚ್ಚಿ ಕೇಳುತ್ತ ಕುಳಿತರು. ಊಟದ ಹೊತ್ತು ಮೀರಿತು.

"ಆಹಾ. ಇದು ಹಸಿ ಗಾಜು ಉಜ್ಜಿದಂಗೈತಿ. ಇದು ನೋಡು, ಮಳಿಗೆ ಮುಂಚಿನ ಗಾಳಿ. ಮಾಡಿದವರು ಎಲ್ಲಿ ಅದಾರೋ, ಅವರ ಕೈಗೆ ಶರಣು."

"ಎಲ್ಲಾ ಕೇಳೀನ್ರಿ. ನಾಲ್ಕು ತಿಂಗಳು ಹಿಡೀತು. ಆಕಿ ಇಲ್ಲ."

"ಹೆಂಗ ಇರ್ತಾಳ? ಅವರು ಆಕೀನ ನೋಡಿಲ್ಲಲ್ಲ."

ಅಜ್ಜ ತಮ್ಮ ಯಂತ್ರ ಹಚ್ಚಿದರು. ಅದು ಬಿಸಿಯಾಗುವ ತನಕ ಕಾದರು. ಒಂದು ಕೀ ಒತ್ತಿದರು. ಬರೀ ಝೇಂಕಾರ ಬಂತು.

"ಸುರು ಹೆಂಗ ಮಾಡ್ತಿದ್ಲು? ಒಮ್ಮೆಲೆ?"

"ಇಲ್ರಿ. ಸುರು ಆಗಿದ್ದ ಗೊತ್ತಾಗ್ತಿರಲಿಲ್ಲ."

ಅಜ್ಜ ಒಂದು ನಾಬ್ ತಿರುಗಿಸಿದರು. ಧ್ವನಿ ಮೆಲ್ಲಗೆ ಏಳತೊಡಗಿತು.

"ಬಾಯಿ ತೆಗೆದು?"

"ಮುಚ್ಚಿ. ತುಟಿಯಾಗ ಗುಂಡುಸೂಜಿ ಇರ್ತಿದ್ವು."

ಇನ್ನೊಂದು ನಾಬ್. ಹೊಳಪು ಕಡಿಮೆಯಾಯಿತು. ಧ್ವನಿ ಒಳಗೆ ಸರಿಯಿತು.

"ದಣಿದಾಗ?"

"ಕೊನೀಗೆ ಒಂಚೂರು ಇಳೀತಿತ್ರಿ."

ಅಜ್ಜ ಮೂರನೆಯದನ್ನು ಕೂದಲೆಳೆಯಷ್ಟು ಸರಿಸಿದರು.

ಫಕೀರೇಶ ಎದ್ದು ನಿಂತ.

"ಇದು ಆಕೀನ," ಅಂದ.

ಧ್ವನಿ ತಾನೇ ಏಳುವಂತೆ, ಇಳಿಯುವಂತೆ, ಮತ್ತೆ ಏಳುವಂತೆ ಅಜ್ಜ ಒಂದು ತಂತಿ ಸಿಕ್ಕಿಸಿಕೊಟ್ಟರು. ಹೊರಗೆ ಹೋಗಿ ಕುಳಿತರು.

ಫಕೀರೇಶ ಅದನ್ನು ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿಕೊಂಡ. ಎರಡು ಸಲ ಕೇಳಿದ. ಅಳಿಸಿಹಾಕಿದ.

"ಯಾಕ?" ಅಜ್ಜ ಕೇಳಿದರು.

"ಪ್ರತಿ ಸಲ ಅದ ಉಸುರು ಬರ್ತೈತ್ರಿ. ನಿಮ್ಮ ಮಿಷಿನ್ನಾಗ ಹಂಗಲ್ಲ. ಒಂದರಂಗ ಒಂದಿಲ್ಲ. ಜೀವ ಇದ್ದಂಗೈತಿ."

"ಹೌದು. ಕಾವು ಹೆಂಗೋ ಹಂಗ ಅದರ ಸ್ವರ ಸರೀತೈತಿ. ಅದಕ್ಕ ನನಗ ಅದರ ಮ್ಯಾಲೆ ಪ್ರೀತಿ."

"ಬಂದ್ ಮಾಡಿ ಮತ್ತ ಹಚ್ಚಿದ್ರ ಇದ ಧ್ವನಿ ಬರ್ತೈತೇನ್ರಿ?"

"ಹತ್ತಿರ ಬರ್ತೈತಿ. ಇದ ಬರೂದಿಲ್ಲ."

ಯಾರೂ ತಿರುಗಿಸಬಾರದೆಂದು ಫಕೀರೇಶ ಎಲ್ಲ ನಾಬ್‌ಗಳಿಗೆ ಟೇಪ್ ಸುತ್ತಿದ. ಕರೆಂಟ್ ಹೋದೀತೆಂದು ಪೇಟೆಯಿಂದ ಬ್ಯಾಟರಿ ತಂದು ಜೋಡಿಸಿದ. ಸ್ವಿಚ್ಚಿನ ಮಗ್ಗುಲಿಗೆ ಚಾಪೆ ಹಾಸಿದ. ಕಲಿಯಲು ಬಂದ ಇಬ್ಬರನ್ನು ಬಾಗಿಲಿಂದಲೇ ತಿರುಗಿ ಕಳಿಸಿದ.

ಅಜ್ಜ ಹೊರಗೇ ಮಲಗಿದರು.

ಎರಡನೆಯ ದಿನ ಕಲ್ಲವ್ವ ಊಟದ ತಾಟು ಹಿಡಿದು ಬಂದಳು.

"ಏ ತಮ್ಮಾ, ಮನಿಯಾಗೂ ಆಕಿ ಹಿಂಗ ಬಿಡುವಿಲ್ದ ಗುಂಯ್ ಅಂತಿದ್ಲೇನು? ರೊಟ್ಟಿ ಯಾವಾಗ ಬಡೀತಿದ್ಲು?"

"ರೊಟ್ಟಿ ನಾನ ಬಡೀತಿದ್ದೆ."

"ಎಲಾ ಇವನ! ಹಂಗಾರ ಏಳು, ನನಗೂ ನಾಲ್ಕು ಬಡಿದುಕೊಡು."

ಅವನು ಏಳಲಿಲ್ಲ. ಕಲ್ಲವ್ವ ತಾಟಿಟ್ಟು ಹೋದಳು. ಹೋಗುವಾಗ ಬಾಗಿಲಲ್ಲಿ ಒಂದು ಗಳಿಗೆ ನಿಂತು ಆ ಧ್ವನಿ ಕೇಳಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು.

ಮೂರನೆಯ ದಿನ ಮಧ್ಯಾಹ್ನ ತಗಡು ಕೆಂಡವಾಯಿತು.

"ಅಜ್ಜಾರ! ಯಾರೋ ಮುಟ್ಟ್ಯಾರ! ಧ್ವನಿ ಬ್ಯಾರೆ ಆಗೈತಿ!" ಫಕೀರೇಶ ಒಳಗಿಂದ ಕೂಗಿದ.

ಅಜ್ಜ ಒಳಗೆ ಬಂದರು. ಟೇಪ್ ಸುತ್ತಿದ್ದು ಸುತ್ತಿದಂತೆಯೇ ಇತ್ತು.

"ಯಾರೂ ಮುಟ್ಟಿಲ್ಲೋ. ಝಳಕ್ಕ ಸ್ವರ ಸರದಿರಬೇಕು."

"ಮೊದಲಿನಂಗ ಮಾಡಿಕೊಡ್ರಿ."

ಅಜ್ಜ ಕಿವಿ ಹತ್ತಿರ ತಂದರು. ಬಹಳ ಹೊತ್ತು ಕೇಳಿದರು.

"ನನಗೇನೂ ಫರಕ ಕಾಣವಲ್ದು."

"ಐತ್ರಿ! ಕೊನೀಗೆ ಇಳಿಯೂದು ಜಾಸ್ತಿ ಆಗೈತಿ. ಸಿಟ್ಟು ಬಂದಂಗ ಕೇಳ್ತೈತಿ. ಸಿಟ್ಟು ಬಂದ್ರ ಆಕಿ ಗುನುಗ್ತಾನ ಇರಲಿಲ್ಲ."

"ನಲವತ್ತು ವರ್ಷ ಆತು ಇದರ ಮುಂದ ಕುಂತು. ನನ್ನ ಕಿವಿಗೆ ಸಿಗವಲ್ದು ಅದು."

"ಆಕಿ ಅಲ್ರಿ ಅಜ್ಜಾರ. ಇದು ಆಕಿ ಅಲ್ಲ."

ಅಜ್ಜ ಕೈ ಚಾಚಿ ಸ್ವಿಚ್ ಬಂದ್ ಮಾಡಿದರು.

ಹೊಳೆಯ ಸಪ್ಪಳ ಕೇಳಿಸಿತು. ಮೂರು ದಿನ ಅದು ಕೇಳಿಸಿರಲಿಲ್ಲ.

ಫಕೀರೇಶ ಎರಡೂ ಕೈ ಯಂತ್ರದ ಮೇಲಿಟ್ಟ. ಇನ್ನೂ ಬಿಸಿ ಇತ್ತು.

"ಹೋತು," ಅಂದ. "ಇನ್ನ ಎಲ್ಲಿ ಹುಡುಕ್ಲಿ ಆಕೀನ?"

ಅಜ್ಜ ಅವನ ಚಾಪೆಯ ಮೇಲೆ ಅವನ ಮಗ್ಗುಲಿಗೆ ಕುಳಿತರು.

"ಈಗಷ್ಟ ಆಕಿ ಅಲ್ಲ ಅಂದ್ಯಲ್ಲ," ಅಂದರು. "ಅದನ್ನ ನಿನ್ನ ಒಳಗ ಕುಂತು ಯಾರು ಹೇಳಿದ್ರು?"